ಬನಕ್ಕೆ ಹಂಚು ಹೊದಿಸಿದ ವರ್ಷ

ನಮ್ಮ ಊರಿನ ದೇವರಿಗೆ ಮನೆ ಇರಲಿಲ್ಲ, ಹೆಸರೂ ಇರಲಿಲ್ಲ. ಎಲ್ಲರೂ ಬನದವ ಎನ್ನುತ್ತಿದ್ದರು. ಅಂಕೋಲೆಯಿಂದ ಹಾರವಾಡದ ಕಡೆ ಹೊರಟರೆ ಎಡಕ್ಕೆ ಸಮುದ್ರ, ಬಲಕ್ಕೆ ಗದ್ದೆಬಯಲು. ಗದ್ದೆ ಮುಗಿದು ಗುಡ್ಡ ಏಳುವಲ್ಲಿ ನಮ್ಮ ಮನೆ, ಮನೆಯ ಹಿಂದೆ ಬನ. ಬನದ ನಡುವೆ ಮೊಣಕಾಲೆತ್ತರದ ಒಂದು ಕರಿಕಲ್ಲು. ಅದರ ಪೂಜೆ ನಮ್ಮ ಮನೆತನದ್ದು. ಅಪ್ಪ ಬೆಳಗ್ಗೆಯೆಲ್ಲ ಗದ್ದೆಯ ಕೆಸರಿನಲ್ಲಿ ದುಡಿದು, ಮಧ್ಯಾಹ್ನ ಬಾವಿಕಟ್ಟೆಯಲ್ಲಿ ನಾಲ್ಕು ಕೊಡ ನೀರು ಸುರಿದುಕೊಂಡ ಕೂಡಲೇ ಪೂಜಾರಿಯಾಗುತ್ತಿದ್ದ.

ಆ ಬನಕ್ಕೆ ಕಬ್ಬಿಣ ಒಯ್ಯುವಂತಿರಲಿಲ್ಲ. ಕತ್ತಿ, ಕೊಡಲಿ ಹಾಗಿರಲಿ, ಕವಳದ ಚೀಲದಲ್ಲಿರುವ ಅಡಕೆ ಕತ್ತರಿಯನ್ನೂ ಹೊರಗಿನ ಬಂಡೆಯ ಮೇಲೆ ಇಟ್ಟು ಹೋಗಬೇಕು. ಒಣಗಿ ಬಿದ್ದ ಕಟ್ಟಿಗೆಯನ್ನು ಒಲೆಗೆ ತರುವಂತಿಲ್ಲ. ಒಮ್ಮೆ ಮಳೆಗಾಲದಲ್ಲಿ ಒದ್ದೆ ಸೌದೆಯ ಹೊಗೆಗೆ ಕಣ್ಣೀರು ಸುರಿಸುತ್ತ ಅವ್ವ ಅಪ್ಪನಿಗೆ ಕೇಳಿದ್ದಳು: "ನಿನ್ನ ದೇವ್ರು ಅಷ್ಟು ಒಣಕಟ್ಟಿಗೆ ಇಟ್ಕಂಡಿ ಎಂತಾ ಮಾಡ್ತಾನೆ? ಅಡಗೆ ಮಾಡ್ತಾನ್ಯೋ?" ಅಪ್ಪ ನಕ್ಕಿದ್ದ, ಆದರೆ ಕಟ್ಟಿಗೆ ತಂದಿರಲಿಲ್ಲ.

ಆಗ ನಾನು ಮದುವೆಯಾಗಿಯೂ ಅಪ್ಪನ ಮನೆಯಲ್ಲೇ ಇದ್ದೆ. ಗಂಡ ಬೊಂಬಾಯಿಯ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ್ದ. ಇರಲು ಒಂದು ಖೋಲಿ ಸಿಕ್ಕಿದ ಕೂಡಲೇ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಕಾರವಾರದಲ್ಲಿ ಆಗಬೋಟು ಹತ್ತಿದವ. ಬೊಂಬಾಯಿಯಲ್ಲಿ ಖೋಲಿ ಎಂಬುದು ದೇವರಿಗಿಂತ ದುರ್ಲಭ ಎಂದು ನನಗೆ ಯಾರೂ ಹೇಳಿರಲಿಲ್ಲ. ಹಾಗಾಗಿ ಮುಂದೆ ನಡೆದದ್ದನ್ನೆಲ್ಲ ನಾನು ಹಿತ್ತಲಲ್ಲಿ ನಿಂತು ಕಣ್ಣಾರೆ ಕಂಡೆ. ಕಾಣದಿದ್ದರೆ ಚೆನ್ನಾಗಿತ್ತು.

ಕಲ್ಲಿನ ಹಿಂದೆ ಒಂದು ತಾರೆ ಮರವಿತ್ತು. ಎತ್ತರದಲ್ಲಿ, ಕೊಂಬೆ ಮುರಿದು ಬಿದ್ದ ಜಾಗದಲ್ಲಿ ಒಂದು ಪೊಟರೆ. ಪ್ರತಿವರ್ಷ ಸುಗ್ಗಿಯ ಹೊತ್ತಿಗೆ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಗಳ ಒಂದು ಜೋಡಿ ಅಲ್ಲಿಗೆ ಬರುತ್ತಿತ್ತು. ಹೆಣ್ಣು ಒಳಗೆ ಕೂತು, ತನ್ನ ಹಿಕ್ಕೆಯಿಂದಲೇ ಬಾಗಿಲು ಮೆತ್ತಿಕೊಂಡು, ಕೊಕ್ಕಿನ ತುದಿ ಹಿಡಿಸುವಷ್ಟು ಸೀಳು ಮಾತ್ರ ಬಿಟ್ಟುಕೊಳ್ಳುತ್ತಿತ್ತು. ಮರಿ ಬೆಳೆಯುವವರೆಗೂ ಅದು ಹೊರಗೆ ಬರುವುದಿಲ್ಲ. ರೆಕ್ಕೆಯ ಗರಿಗಳನ್ನು ಉದುರಿಸಿಕೊಂಡಿರುತ್ತದೆ, ಬಂದರೂ ಹಾರಲಾರದು. ಗಂಡು ಬಸರಿ ಹಣ್ಣು, ಗೋಳಿ ಹಣ್ಣು ತಂದು ತಂದು ಆ ಸೀಳಿನಲ್ಲಿ ಹಾಕಬೇಕು. ಬೊಂಬಾಯಿಯಿಂದ ಸುದ್ದಿ ಬಾರದ ತಿಂಗಳಲ್ಲಿ ಅವ್ವ ಆ ಗಂಡು ಹಕ್ಕಿಯನ್ನು ನನಗೆ ತೋರಿಸಿ ನಿಟ್ಟುಸಿರು ಬಿಡುತ್ತಿದ್ದಳು. ಅಪ್ಪ ಹುಡುಗನಾಗಿದ್ದಾಗ ಸುತ್ತಲಿನ ಗುಡ್ಡಗಳಿಂದ ಅವು ಹಿಂಡುಹಿಂಡಾಗಿ ಬರುತ್ತಿದ್ದವಂತೆ, ರೆಕ್ಕೆಯ ಸದ್ದಿಗೆ ಗದ್ದೆಯಲ್ಲಿದ್ದವರು ತಲೆಯೆತ್ತಿ ನೋಡುತ್ತಿದ್ದರಂತೆ. ನನ್ನ ಕಾಲಕ್ಕೆ ಉಳಿದದ್ದು ಒಂದೇ ಜೋಡಿ.

ಇನ್ನು ಕೆಲವು ಹಕ್ಕಿಗಳು ಮಳೆ ಕಳೆದ ಮೇಲೆ ಬರುವವು. ನವರಾತ್ರಿಯ ಆಚೀಚೆ ಒಂದು ಬೆಳಗ್ಗೆ ಅಪ್ಪ ಜಗಲಿಯಲ್ಲಿ ನಿಂತು "ಬಂದವು" ಎನ್ನುತ್ತಿದ್ದ. ಯಾವುವು ಎಂದು ನಾವು ಕೇಳುತ್ತಿರಲಿಲ್ಲ. ಮುಷ್ಟಿಯಷ್ಟು ಹಕ್ಕಿ, ಬೆನ್ನು ಹಸಿರು, ರೆಕ್ಕೆಯಲ್ಲಿ ನೀಲಿ, ಕಣ್ಣಿಗೆ ಕಾಡಿಗೆಯ ಪಟ್ಟಿ, ಮೋಟು ಬಾಲದ ಕೆಳಗೆ ಕುಂಕುಮದ ಬಣ್ಣ. ಪುಸ್ತಕದವರು ಅದಕ್ಕೆ ನವರಂಗ ಎನ್ನುತ್ತಾರೆಂದು ಬಹಳ ಆಮೇಲೆ ತಿಳಿಯಿತು. ಉತ್ತರದ ಯಾವುದೋ ಸೀಮೆಯಿಂದ ಹಾರಿ ಬಂದು, ಸುಸ್ತಾಗಿ ಜಗಲಿಯಲ್ಲೋ ಕೊಟ್ಟಿಗೆಯಲ್ಲೋ ಬಿದ್ದಿರುತ್ತಿದ್ದವು. ಅವ್ವ ಬೆಕ್ಕನ್ನು ಒಳಗೆ ಹಾಕಿ ಕದ ಮುಚ್ಚುವಳು. ಹಕ್ಕಿ ಸುಧಾರಿಸಿಕೊಂಡ ಮೇಲೆ ಅಪ್ಪ ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಬನದೊಳಗೆ ಬಿಡುವನು. ಅಲ್ಲಿ ತರಗೆಲೆ ಕೆದಕಿಕೊಂಡು ಬೇಸಗೆಯ ಕೊನೆಯವರೆಗೂ ಇರುತ್ತಿದ್ದವು, ಬೆಳಗ್ಗೆ ಸಂಜೆ ಎರಡೆರಡು ಸ್ವರದ ಸಿಳ್ಳೆ ಹಾಕುತ್ತಿದ್ದವು, ಮಳೆಮೋಡ ಕಂಡಾಗ ಹೊರಟುಹೋಗುತ್ತಿದ್ದವು.

ಅಪ್ಪನಿಗೆ ಹಕ್ಕಿಗಳೆಂದರೆ ಪ್ರೀತಿ ಎಂದು ಬರೆದರೆ ಸುಳ್ಳಾದೀತು. ಗದ್ದೆಗೆ ಇಳಿದ ಗಿಳಿಗಳಿಗೆ ಅವನು ಬೈಯುತ್ತಿದ್ದ ಬೈಗುಳವನ್ನು ನಾನು ಇಲ್ಲಿ ಬರೆಯಲಾರೆ. ಕಾಡುಕೋಳಿಯ ಸಾರು ಮಾಡಿದ ದಿನ ಎರಡು ಸಲ ಅನ್ನ ಹಾಕಿಸಿಕೊಳ್ಳುವವ. ಬನದ ಹಕ್ಕಿಗಳ ಮಾತು ಬೇರೆ. ಅವು ದೇವರ ಬಳಿಗೆ ಬಂದ ನೆಂಟರು, ದೇವರ ಪರವಾಗಿ ಅವುಗಳನ್ನು ನೋಡಿಕೊಳ್ಳಬೇಕಾದವನು ತಾನು ಎಂದು ಅವನ ಲೆಕ್ಕ. "ಅವು ನಮ್ಮ ಕೇಳ್ಕಂಡಿ ಬಂದವಲ್ಲ ಮಗಾ, ನಂಬ್ಕಂಡಿ ಬಂದವು" ಎನ್ನುತ್ತಿದ್ದ. ಊಟದ ಹೊತ್ತಿಗೆ ಬಂದ ಮನುಷ್ಯನನ್ನು ಅವನು ಹಾಗೇ ಕಳಿಸಿದ್ದನ್ನು ನಾನು ಕಂಡಿಲ್ಲ. ಹಾರವಾಡದಿಂದ ಮೀನು ಹೊತ್ತು ಬರುವ ಹೆಂಗಸರಿಗೂ ಗಂಜಿ ಕುಡಿಯದೆ ಬುಟ್ಟಿ ಎತ್ತಲು ಬಿಡುತ್ತಿರಲಿಲ್ಲ.

ಉಪ್ಪಿನ ಸತ್ಯಾಗ್ರಹದ ಗಲಾಟೆಯೆಲ್ಲ ತಣ್ಣಗಾಗಿ ಒಂದೆರಡು ವರ್ಷವಾಗಿತ್ತು. ಸುತ್ತಲಿನ ಗುಡ್ಡಗಳಲ್ಲಿ ಕೂಪು ಬಿದ್ದಿತು. ಕೂಪು ಎಂದರೆ ಗುಡ್ಡಕ್ಕೆ ಗುರುತು ಹಾಕಿ ಇದ್ದಬದ್ದ ಮರವನ್ನೆಲ್ಲ ಕಡಿದು ಸಾಗಿಸುವುದು, ಆಮೇಲೆ ಬೋಳು ನೆಲಕ್ಕೆ ಬೆಂಕಿ ಕೊಟ್ಟು ಸಾಗುವಾನಿ ಸಸಿ ನೆಡುವುದು. ಬಾಳೆಗುಳಿಯ ಕಡೆಯ ರಸ್ತೆಯಲ್ಲಿ ದಿನವಿಡೀ ನಾಟದ ಗಾಡಿಗಳು. ಸಾಗುವಾನಿಯನ್ನು ನಾನು ಬೈಯುವುದಿಲ್ಲ. ಒಳ್ಳೆಯ ಮರ, ನಾನೀಗ ಬರೆಯುತ್ತ ಕೂತಿರುವ ಮೇಜೂ ಅದರದ್ದೇ. ಆದರೆ ಅದರ ಕಾಯಿಯನ್ನು ಮಂಗಟ್ಟೆ ತಿನ್ನುವುದಿಲ್ಲ, ಬೇಸಗೆಯಲ್ಲಿ ಅದರ ಬುಡದಲ್ಲಿ ನೆರಳೂ ಇರುವುದಿಲ್ಲ. ಗುಡ್ಡಗಳು ಒಂದೊಂದಾಗಿ ಬೋಳಾದ ಮೇಲೆ ಆ ಹಕ್ಕಿಗಳಿಗೆ ಉಳಿದದ್ದು ನಮ್ಮ ಬನವೊಂದೇ. ಅದೂ ಹೋದರೆ ಅವು ಎಲ್ಲಿ ಇಳಿಯಬೇಕು ಎಂಬ ಚಿಂತೆ ಅಪ್ಪನಿಗೆ ಹತ್ತಿಕೊಂಡಿತು.

ಆ ಚಿಂತೆಗೆ ಕಾಲು ಬಂದ ಹಾಗೆ ಒಂದು ದಿನ ಜಂಗಲ್ ಖಾತೆಯ ಸಾಹೇಬರು ಬಂದರು. ಬಿಳಿಯರಲ್ಲ, ನಮ್ಮವರೇ, ಮರಾಠಿ ಬೆರೆಸಿ ಕನ್ನಡ ಆಡುವವರು. ಮಾತು ಮೆತ್ತಗೆ. ಬೂಟು ಕಳಚಬೇಕು ಎಂದು ಅಪ್ಪ ಹೇಳಿದಾಗ ಮರುಮಾತಿಲ್ಲದೆ ಕಳಚಿದರು. ಕಲ್ಲಿನ ಎದುರು ನಿಂತು ಸುತ್ತ ನೋಡಿದರು.

"ದೇವಸ್ಥಾನ ಎಲ್ಲಿ?"

"ಇದೇ ಸಾಹೇಬ್ರೇ" ಎಂದ ಅಪ್ಪ.

"ಇದು ಜಂಗಲ್. ನಾನು ದೇವಸ್ಥಾನ ಕೇಳಿದೆ."

ಅಪ್ಪ ಕಲ್ಲನ್ನು ತೋರಿಸಿದ. ಸಾಹೇಬರು ಕಲ್ಲಿಗೆ ಭಕ್ತಿಯಿಂದಲೇ ಕೈಮುಗಿದರು. ಆಮೇಲೆ ಹೇಳಿದರು: "ದೇವಸ್ಥಾನ ಇದ್ದರೆ ನಾವು ಕೈ ಹಚ್ಚುವುದಿಲ್ಲ. ಜಂಗಲ್ ಇದ್ದರೆ ಜಂಗಲಿನ ಕಾಯದೆ. ನಾನು ಮುಂದಿನ ಮಳೆಗಾಲ ಕಳೆದು ಬರುತ್ತೇನೆ, ಆಗ ನೋಡುವಾ." ಬೂಟು ಹಾಕಿಕೊಂಡು ಹೋದರು.

ಉಪಾಯ ಹೇಳಿದವನು ನನ್ನ ಅಣ್ಣ. ಕಾರವಾರದ ಒಂದು ಕಚೇರಿಯಲ್ಲಿ ಕಾರಕೂನನಾಗಿದ್ದ. ಊರಿಗೆ ಬಂದಾಗಲೆಲ್ಲ ಟೊಪ್ಪಿಗೆ ತೆಗೆಯದೆ ಜಗಲಿಯ ಮೇಲೆ ಕೂತು ನಮ್ಮ ಅಜ್ಞಾನಕ್ಕೆ ಮರುಗುವುದು ಅವನ ಪದ್ಧತಿ. "ಇಷ್ಟೇಯಾ? ಅವ್ರಿಗೆ ದೇವಸ್ಥಾನ ಬೇಕು, ನಾವು ಕಟ್ಟುವಾ. ಗೋಡೆ, ಮಾಡು, ಬಾಗ್ಲು. ಮತ್ತೆ ಯಾರು ಎಂತಾ ಮಾಡ್ತ್ರು ನೋಡ್ವಾ" ಎಂದ. ಊರಿನ ಯಜಮಾನರಿಗೆ ಈ ಮಾತು ಬೆಲ್ಲದಷ್ಟು ರುಚಿಸಿತು. ಪಕ್ಕದೂರಿನ ದೇವರಿಗೆ ಮಂಗಳೂರು ಹಂಚಿನ ಮಾಡು ಬಂದಾಗಿನಿಂದ ಅವರಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಅಪ್ಪನಿಗೂ ಉಪಾಯ ಸರಿ ಕಂಡಿತು. ಇದನ್ನು ನಾನು ಮುಚ್ಚಿಡುವುದಿಲ್ಲ. ಬನ ಉಳಿಯುವುದಾದರೆ ಒಂದು ಮಾಡೇಕೆ, ನಾಲ್ಕು ಮಾಡು ಹೊದಿಸಲೂ ಅವನು ತಯಾರಿದ್ದ.

ನಮ್ಮ ಕಡೆ ಊರಿನ ಯಾವ ದೊಡ್ಡ ಕೆಲಸವೂ ದೇವರ ಪ್ರಸಾದ ಕೇಳದೆ ಆಗುವುದಿಲ್ಲ. ಮಧ್ಯಾಹ್ನದ ಪೂಜೆ ಮುಗಿದ ಮೇಲೆ ಪೂಜಾರಿ ಕಲ್ಲಿಗೆ ನೀರೆರೆದು, ಆ ಒದ್ದೆಯ ಮೇಲೆ ದೇವರ ಬಲಗಡೆಗೊಂದು ಎಡಗಡೆಗೊಂದು ಕೇಪಳ ಹೂವಿನ ಎಸಳು ಅಂಟಿಸುತ್ತಾನೆ. ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿ ಎಲ್ಲರೂ ಕೈಮುಗಿದು ಕಾಯುತ್ತಾರೆ. ಬಲಗಡೆಯ ಎಸಳು ಮೊದಲು ಬಿದ್ದರೆ ದೇವರು ಹೂಂ ಅಂದ, ಎಡಗಡೆಯದು ಬಿದ್ದರೆ ಬೇಡ ಅಂದ. ಬನದ ನೆರಳಿನಲ್ಲಿ ಆ ಕಲ್ಲು ಒಣಗುವುದೇ ಅಪರೂಪ. ಕೆಲವು ಸಲ ಕಾದು ಕಾದು, ಹೆಂಗಸರು ಮನೆಗೆ ಹೋಗಿ ಒಲೆಯ ಮೇಲಿನದನ್ನು ನೋಡಿ ಬರುವಷ್ಟು ಹೊತ್ತು ಹಿಡಿಯುತ್ತಿತ್ತು. ಒಮ್ಮೆ ಬಿದ್ದ ಪ್ರಸಾದವನ್ನು ತಿರುಗಿ ಕೇಳುವಂತಿಲ್ಲ.

"ನಿನ್ನ ಬನ ಉಳೀಬೇಕು ಅಂದ್ರೆ ನಿನಗೆ ಮನೆ ಕಟ್ಟಬೇಕೋ?" ಎಂದು ಅಪ್ಪ ಕೇಳಿದ. ಬಹಳ ಹೊತ್ತು ಎರಡೂ ಎಸಳು ಅಲುಗಲಿಲ್ಲ. ಕೊನೆಗೆ ಬಲಗಡೆಯದು ಜಾರಿತು. ಯಜಮಾನರು ನೆಲಕ್ಕೆ ಅಡ್ಡಬಿದ್ದರು. ಅಪ್ಪ ಆ ದಿನ ಖುಷಿಯಾಗಿಯೇ ಮನೆಗೆ ಬಂದ.

ಕಟ್ಟುವುದಕ್ಕೆ ಮರ ಬೇಕು. ಹೊರಗಿನಿಂದ ನಾಟ ತರುವುದಾದರೆ ಪಾಸು ಬೇಕು, ಪಾಸು ಕೊಡುವವರೇ ಬನದ ಮೇಲೆ ಕಣ್ಣಿಟ್ಟವರು. ಆಚಾರಿ ಬಂದು ಬನವನ್ನು ಸುತ್ತಿ, ಕಲ್ಲಿನ ತೆಂಕಣ ಬದಿಯಲ್ಲಿದ್ದ ಹೆಬ್ಬಲಸಿನ ಮರವನ್ನು ಅಪ್ಪಿ ನೋಡಿ, ಮಾಡಿನ ತೊಲೆಗೆ ಇದಕ್ಕಿಂತ ನೆಟ್ಟಗಿನದು ಸಿಗುವುದಿಲ್ಲ ಎಂದ. "ದೇವ್ರ ಮನೆಗೆ ದೇವ್ರ ಮರ. ಇದ್ರಲ್ಲಿ ತಪ್ಪೆಂತಾ?" ಎಂದರು ಯಜಮಾನರು. ಕಬ್ಬಿಣದ ಕಟ್ಟಳೆ ಮುರಿಯುವುದಕ್ಕೂ ಮರ ಕಡಿಯುವುದಕ್ಕೂ ಸೇರಿಸಿ ಒಂದೇ ಪ್ರಸಾದ ಕೇಳಿದರು. ಅರ್ಧ ಮಧ್ಯಾಹ್ನ ಕಾದ ಮೇಲೆ ಬಲಗಡೆಯದೇ ಬಿತ್ತು. ಮಾರನೆಯ ದಿನ ಆ ಬನದೊಳಗೆ ಮೊದಲ ಸಲ ಕೊಡಲಿ ಹೋಯಿತು. ಅಪ್ಪ ಮುಂದೆ ನಿಂತು, ಮರದ ಬುಡಕ್ಕೆ ಹಾಲೆರೆದು, ತಪ್ಪಾಯಿತು ಎಂದು ಹೇಳಿ ಕಡಿಸಿದ. ಒಂದು ಮರ ತಾನೇ ಎಂದು ಅವ್ವ ಸಮಾಧಾನ ಹೇಳಿದಳು.

ಹೆಬ್ಬಲಸು ಉರುಳಿದ ಮೇಲೆ ಬನದ ಹೊಟ್ಟೆಗೆ ಬಿಸಿಲು ಬಿತ್ತು. ಕಲ್ಲಿನ ಮೇಲಿದ್ದ ಪಾಚಿ ವಾರದೊಳಗೆ ಕೆಂಪಾಗಿ ಉದುರಿತು. ಆಮೇಲೆ ಬಾಗಿಲವಾಡಕ್ಕೊಂದು ಮರ, ಹಂಚು ಹೊರುವ ಪಕಾಸಿಗೊಂದು ಮರ, ಗಾಡಿ ಬರಲು ದಾರಿ ಎಂದು ಪ್ರಸಾದದ ಮೇಲೆ ಪ್ರಸಾದ. ಮೊದಲು ಅರ್ಧ ಮಧ್ಯಾಹ್ನ ಕಾಯಿಸುತ್ತಿದ್ದ ದೇವರು ಈಗ ಕೇಳುವುದೇ ತಡ ಹೂಂ ಎನ್ನುತ್ತಿದ್ದ. "ದೇವ್ರಿಗೇ ಅವಸರ ಆಗಿದೆ ಕಾಣ್ರೋ, ಹೊಸ ಮನೆಗೆ ಹೋಗೂಕೆ!" ಎಂದು ಯಜಮಾನರು ಮೀಸೆಯಡಿಯಲ್ಲಿ ನಗುತ್ತಿದ್ದರು. ಜನರಿಗೂ ಹುರುಪು. ಇಷ್ಟು ಬೇಗ ಉತ್ತರ ಕೊಡುವ ದೇವರು ಸುತ್ತಲಿನ ಊರಿನಲ್ಲಿ ಇರಲಿಲ್ಲ.

ನನಗೆ ಮೊದಲೇ ಸಂಶಯದ ಬುದ್ಧಿ. ಒಂದು ಮಧ್ಯಾಹ್ನ ಎಲ್ಲರೂ ಕಣ್ಣುಮುಚ್ಚಿ ಕೈಮುಗಿದಾಗ ನಾನು ಕಣ್ಣು ಬಿಟ್ಟುಕೊಂಡೇ ನಿಂತೆ. ದೇವರು ಪೂರ್ವಕ್ಕೆ ಮುಖ ಮಾಡಿದವನು, ಅವನ ಬಲಗಡೆ ಎಂದರೆ ತೆಂಕಣ. ಆ ತಿಂಗಳುಗಳಲ್ಲಿ ಸೂರ್ಯ ತೆಂಕಣಕ್ಕೆ ವಾಲಿಕೊಂಡೇ ಹೋಗುತ್ತಾನೆ. ಹೆಬ್ಬಲಸು ಇದ್ದ ಕಿಂಡಿಯಿಂದ ಬಿಸಿಲು ನೇರ ದೇವರ ಬಲಭುಜಕ್ಕೆ ಬೀಳುತ್ತಿತ್ತು, ಎಡಭುಜ ಅವನದೇ ನೆರಳಲ್ಲಿತ್ತು. ಬಲಗಡೆಯ ನೀರು ನೋಡನೋಡುತ್ತ ಆರಿತು, ಎಸಳು ಬಿತ್ತು. ಎಡಗಡೆಯದು ಸಂಜೆಯವರೆಗೂ ಅಂಟಿಕೊಂಡೇ ಇತ್ತು.

ಸಂಜೆ ಅಪ್ಪ ಎತ್ತುಗಳಿಗೆ ಹುಲ್ಲು ಹಾಕುವಾಗ ಹೋಗಿ ಹೇಳಿದೆ. "ಅಪ್ಪಾ, ಹೂಂ ಅಂಬುದು ದೇವ್ರಲ್ಲ, ಬಿಸ್ಲು."

ಅಪ್ಪ ಹುಲ್ಲಿನ ಕಟ್ಟು ಬಿಚ್ಚುತ್ತಲೇ ಇದ್ದ. "ಗೊತ್ತುಂಟು" ಎಂದ.

ನನಗೆ ಸಿಟ್ಟು ನೆತ್ತಿಗೇರಿತು. ಗೊತ್ತಿದ್ದೂ ಯಾಕೆ ಸುಮ್ಮನಿದ್ದೀ, ನಾಳೆಯೇ ಊರವರಿಗೆ ಹೇಳು ಎಂದು ಕೂಗಾಡಿದೆ. ಅಪ್ಪ ಕೊಟ್ಟಿಗೆಯ ಹೊಸ್ತಿಲ ಮೇಲೆ ಕೂತ.

"ಹೇಳ್ದೆ ಅಂದೇಳಿ ಇಟ್ಕ. ಹಾಂಗಾರೆ ಇಷ್ಟು ವರ್ಷ ಬಿದ್ದದ್ದೆಂತದು ಅಂದೇಳಿ ಕೇಳ್ತ್ರು. ಅದೂ ಗಾಳಿ, ನೀರು ಅಂದ್ರೆ ಅಲ್ಲಿ ದೇವ್ರೇ ಇಲ್ಲ ಅಂತಾಯ್ತು. ದೇವ್ರಿಲ್ಲ ಅಂದ್ಮೇಲೆ ಬನಕ್ಕೆ ಕತ್ತಿ ಹಾಕೂಕೆ ಯಾರು ಹೆದರ್ತ್ರು? ಮರುದಿನವೇ ಕಟ್ಟಿಗೆಗೆ ಬತ್ರು ಮಗಾ."

ಮಾಡು ಬೇಗ ಮುಗಿದರೆ ಉಳಿದ ಮರಗಳಾದರೂ ಉಳಿಯುತ್ತವೆ ಎಂದು ಹೇಳಿ ಅವನು ಎದ್ದು ಹೋದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗಿಲ್ಲ.

ತಾರೆ ಮರವನ್ನು ಆಚಾರಿ ಬೆರಳಿನಿಂದ ಬಡಿದು ನೋಡಿ, ಒಳಗೆ ಟೊಳ್ಳು, ತೊಲೆಗೂ ಬಾರದು ಕಂಬಕ್ಕೂ ಬಾರದು ಎಂದು ಬಿಟ್ಟಿದ್ದ. ಆ ಸುಗ್ಗಿಗೂ ಮಂಗಟ್ಟೆ ಜೋಡಿ ಬಂತು, ಹೆಣ್ಣು ಒಳಗೆ ಕೂತು ಬಾಗಿಲು ಮೆತ್ತಿಕೊಂಡಿತು. ಕೆಳಗೆ ಗರಗಸದ ಸದ್ದು, ಮೇಲೆ ಗಂಡು ಹಣ್ಣು ತಂದು ಕೊಡುತ್ತಿತ್ತು. ಟೊಳ್ಳು ಮರಕ್ಕೆ ಯಾರ ಭಯವೂ ಇಲ್ಲ ಎಂದು ನಾವೆಲ್ಲ ನಂಬಿದ್ದೆವು.

ಅಷ್ಟರಲ್ಲಿ ಬೇಲೇಕೇರಿ ಬಂದರಿಗೆ ಮಚವೆ ದೋಣಿಯಲ್ಲಿ ಹಂಚು ಬಂತು. ಹಂಚು ಕಂಡ ಕೂಡಲೇ ಎಲ್ಲರೂ ತಲೆಯೆತ್ತಿ ಮೇಲೆ ನೋಡಿದರು. ತಾರೆ ಮರದ ಕೊಂಬೆಗಳು ಸರಿಯಾಗಿ ಮಾಡಿನ ಮೇಲೆ ಚಾಚಿದ್ದವು. ಮಳೆಗಾಲದ ಮೊದಲ ಗಾಳಿಗೆ ಒಂದು ಕೊಂಬೆ ಮುರಿದರೂ ಅಷ್ಟೂ ಹಂಚು ಪುಡಿ. ಅಪ್ಪ ಯಜಮಾನರ ಮನೆಗೆ ಹೋಗಿ, ಮರಿ ಹೊರಗೆ ಬರುವವರೆಗೆ ತಡೆಯಿರಿ ಎಂದು ಬೇಡಿದ. ಅಣ್ಣನೂ ಅಲ್ಲಿದ್ದ. ಮಳೆಯ ಮೊದಲು ಹಂಚು ಕೂರದಿದ್ದರೆ ಗೋಡೆ ಕರಗುತ್ತದೆ, ಗೋಡೆ ಕರಗಿದರೆ ಸಾಹೇಬರಿಗೆ ಏನು ತೋರಿಸುವುದು ಎಂದು ಅಣ್ಣ ಕೇಳಿದ. ಅವನ ಮಾತೂ ಸುಳ್ಳಲ್ಲ. ಕೊನೆಗೆ ಪ್ರಸಾದ ಕೇಳುವುದೆಂದಾಯಿತು.

"ನಾಳೆ ಬೆಳಗಾಗ ಕೇಳುವಾ" ಎಂದ ಅಪ್ಪ. ಬೆಳಗಿನ ಹೊತ್ತು ಕಲ್ಲಿಗೆ ಬಿಸಿಲಿಲ್ಲ ಎಂದು ಅವನಿಗೂ ನನಗೂ ಮಾತ್ರ ಗೊತ್ತು.

"ಇಷ್ಟು ತಲೆಮಾರು ಮಧ್ಯಾಹ್ನದ ಪೂಜೆ ಆದ್ಮೇಲೆ ಕೇಳೂದು. ಈಗ ಯಂತಕೆ ಬದ್ಲು?" ಎಂದರು ಯಜಮಾನರು. ಅಪ್ಪನ ಬಳಿ ಹೇಳಲು ಕಾರಣವಿತ್ತು, ಹೇಳುವಂತಿರಲಿಲ್ಲ.

ಮಧ್ಯಾಹ್ನ ಅಪ್ಪ ಕಲ್ಲಿಗೆ ಒಂದು ಕೊಡವಲ್ಲ, ಮೂರು ಕೊಡ ನೀರು ಸುರಿದ. ಬಲಗಡೆಯ ಎಸಳನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದ. ದೇವರಿಗೆ ಅಡ್ಡವಾಗಿ ತೆಂಕಣ ಬದಿಯಲ್ಲಿ ನಿಂತು ತನ್ನ ನೆರಳನ್ನೇ ಆ ಭುಜದ ಮೇಲೆ ಬೀಳಿಸಲು ನೋಡಿದ. ಪೂಜಾರಿ ಎದುರಿಗೆ ನಿಲ್ಲಬೇಕು, ಬದಿಗಲ್ಲ ಎಂದು ಯಾರೋ ಹಿಂದಿನಿಂದ ನೆನಪಿಸಿದರು. ಅಪ್ಪ ಸರಿದು ಎದುರಿಗೆ ಬಂದ. ಇನ್ನೂ ಹಂಚು ಹೊದಿಸದ ಮಾಡಿನಿಂದ ಬಿಸಿಲು ಬಲಭುಜಕ್ಕೆ ತಾಗಿತು. ಎಸಳು ಬಿತ್ತು.

ಮರ ಉರುಳಿದಾಗ ಪೊಟರೆಯ ಬಾಯಿ ನೆಲಕ್ಕೆ ಬಡಿದು ಒಡೆಯಿತು. ಗರಿಯಿಲ್ಲದ ಎರಡು ಮರಿಗಳು ಅಲ್ಲೇ ಮುಗಿದಿದ್ದವು. ಹೆಣ್ಣು ಮಂಗಟ್ಟೆ ಬದುಕಿತ್ತು. ಮೋಟು ರೆಕ್ಕೆ ಬಡಿಯುತ್ತ ಹೊಟ್ಟು, ಚಕ್ಕೆಗಳ ನಡುವೆ ಕುಂಟಿಕೊಂಡು ಓಡಿತು. ಅಪ್ಪ ಹೆಗಲ ಪಂಚೆ ಹೊದಿಸಿ ಹಿಡಿಯಲು ಹೋದಾಗ ಅವನ ಕೈಯನ್ನು ರಕ್ತ ಬರುವಂತೆ ಕಚ್ಚಿತು. ಸಂಜೆಗೆ ಅದೂ ಸತ್ತಿತು. ಗಂಡು ಮಾರನೆಯ ದಿನವೂ ಬಂತು. ಮರವಿದ್ದ ಜಾಗದ ಮೇಲೆ ಒಂದು ಸುತ್ತು ಹಾಕಿ, ಹೊಸ ಮಾಡಿನ ಪಕಾಸಿನ ಮೇಲೆ ಕೂತು, ಗಂಟಲಿನಿಂದ ಬಸರಿ ಹಣ್ಣೊಂದನ್ನು ಕೊಕ್ಕಿನ ತುದಿಗೆ ತಂದು ಹಿಡಿದುಕೊಂಡು ಆ ಕಡೆ ಈ ಕಡೆ ನೋಡಿತು. ಹಂಚು ಹೊದಿಸುವವರು ಹುಶ್ ಎಂದು ಓಡಿಸಿದರು. ನಾನು ಮನೆಯೊಳಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಮಳೆಗಾಲಕ್ಕೆ ಮೊದಲೇ ದೇವಸ್ಥಾನ ಮುಗಿಯಿತು. ಚಂದ ಇರಲಿಲ್ಲ ಎಂದು ಹೇಳಲಾರೆ. ಕೆಂಪು ಮಾಡು ಗದ್ದೆಯ ಆಚೆಯಿಂದಲೂ ಕಾಣುತ್ತಿತ್ತು. ಬಾಗಿಲಿಗೆ ಬೀಗ ಬಂತು, ಬೀಗದ ಕೈ ಯಜಮಾನರ ಮನೆಯಲ್ಲಿ. ಅಪ್ಪ ಪೂಜೆಗೆ ಮೊದಲು ಅಲ್ಲಿಗೆ ಹೋಗಿ ಬೀಗದ ಕೈ ಕೇಳಿ ತರಬೇಕು. ಅವನಿಗೆ ಅದರ ಬೇಸರವೂ ಇರಲಿಲ್ಲ. ಕಲ್ಲಿನ ಸುತ್ತಲಿನದು ಹೋಗಿತ್ತು, ಆದರೆ ಹಿಂದೆ ಗುಡ್ಡದ ಮೈಗೆ ಬನದ ಮುಕ್ಕಾಲು ಪಾಲು ಇನ್ನೂ ಇತ್ತು. ಆ ನವರಾತ್ರಿಗೆ ಹಸಿರು ಬೆನ್ನಿನ ಹಕ್ಕಿಗಳು ಬಂದವು, ಅಲ್ಲೇ ಇಳಿದವು, ಸಿಳ್ಳೆ ಹಾಕಿದವು. ಅಷ್ಟು ಕೊಟ್ಟು ಇಷ್ಟು ಉಳಿಸಿಕೊಂಡೆವಲ್ಲ ಎಂದು ಅಪ್ಪ ಮೆಲ್ಲಗೆ ಮಾತಾಡಲು ಶುರುಮಾಡಿದ್ದ.

ಸಾಹೇಬರು ಹೇಳಿದ ಹಾಗೇ ಮಳೆ ಕಳೆದು ಬಂದರು. ದೇವಸ್ಥಾನ ನೋಡಿ ಸಂತೋಷಪಟ್ಟರು. ಒಳಗೆ ಹೋಗಿ ತೀರ್ಥ ತೆಗೆದುಕೊಂಡರು. ಹೊರಗೆ ಬಂದು ತಮ್ಮ ಜನರಿಗೆ ಹೇಳಿ ಅಳತೆಯ ಸರಪಳಿ ಹಿಡಿಸಿದರು. ಗೋಡೆಯಿಂದ ನಾಲ್ಕೂ ಕಡೆ ಒಂದಿಷ್ಟು ಜಾಗ ಅಳೆದು ಗೂಟ ಹೊಡೆಸಿದರು. ಅದರ ಆಚೆಯ ಮರಗಳಿಗೆ ಒಂದೊಂದಾಗಿ ಗುರುತಿನ ಪೆಟ್ಟು ಬೀಳತೊಡಗಿತು.

"ಸಾಹೇಬ್ರೇ, ಅದು ದೇವ್ರದ್ದು" ಎಂದ ಅಪ್ಪ.

"ದೇವರು ಒಳಗೆ ಇದ್ದಾನಲ್ಲ? ಇನ್ನು ಹೊರಗಿನ ಜಾಗ ಅವನಿಗೆ ಯಾತಕ್ಕೆ? ಪ್ರದಕ್ಷಿಣೆಗೆ ಬೇಕಾದಷ್ಟು ಬಿಟ್ಟಿದ್ದೇನೆ ನೋಡು."

"ಮನೆ ಕಟ್ಟಿದ್ದು ನಾವು. ಅವ ಇರೂದು ಬನದಲ್ಲಿ."

"ಹಾಗಾದರೆ ಮನೆ ಯಾಕೆ ಕಟ್ಟಿದಿರಿ?"

ಸಾಹೇಬರು ಕುಹಕಕ್ಕೆ ಕೇಳಿದ್ದಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು. ಅಪ್ಪ ಅಣ್ಣನ ಮುಖ ನೋಡಿದ. ಅಣ್ಣ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಊರವರು ಆ ದಿನ ಕೊನೆಯ ಆಸೆಯಿಂದ ಪ್ರಸಾದ ಕೇಳಿಸಿದರು. ಮಾಡಿನ ಕೆಳಗೆ ಗಾಳಿಯಿಲ್ಲ, ಬಿಸಿಲಿಲ್ಲ, ಮುಚ್ಚಿದ ಕೋಣೆಯ ತಂಪು. ಎರಡೂ ಎಸಳು ಕಲ್ಲಿಗೆ ಅಂಟಿಕೊಂಡೇ ಬಾಡಿದವು. ಅದಕ್ಕೆ ಅರ್ಥ ಹೇಳಲು ಅಪ್ಪನಿಗೂ ಬರಲಿಲ್ಲ.

ಆ ಚಳಿಗಾಲದಲ್ಲಿ ಬನ ಹೋಯಿತು. ಗಾಡಿಗಳು ನಮ್ಮ ಹಿತ್ತಲ ಬದಿಯಿಂದಲೇ ಇಳಿದವು. ಕಡಿದು ಮುಗಿಸಿ ಬೆಂಕಿ ಕೊಟ್ಟರು, ಬೂದಿ ನಮ್ಮ ಅಂಗಳದಲ್ಲಿ ಒಣಹಾಕಿದ ಹಪ್ಪಳದ ಮೇಲೆಲ್ಲ ಬಿತ್ತು. ಮಳೆ ಬಿದ್ದಾಗ ಸಾಗುವಾನಿ ಸಸಿ ನೆಟ್ಟರು. ಅಪ್ಪ ಹಿತ್ತಲ ಕದ ತೆಗೆಯುವುದನ್ನೇ ಬಿಟ್ಟ.

ಮಳೆ ಹಿಂದೆಗೆದು ನವರಾತ್ರಿ ಹತ್ತಿರ ಬಂದಾಗ ಅಪ್ಪನಿಗೆ ಊಟ ಸೇರುವುದು ನಿಂತಿತು. ಬೆಳಗಾಗುವ ಮೊದಲೇ ಜಗಲಿಯಲ್ಲಿ ಕೂತಿರುತ್ತಿದ್ದ. ಹಕ್ಕಿಗಳು ಈ ಸಲ ದಾರಿ ತಪ್ಪಲಿ, ಬೇರೆ ಕಡೆ ಹೋಗಲಿ ಎಂದು ಯಾವ ದೇವರನ್ನು ಬೇಡುತ್ತಿದ್ದನೋ ಗೊತ್ತಿಲ್ಲ. ಒಂದು ಬೆಳಗ್ಗೆ ಬೋಳು ಗುಡ್ಡದ ಕಡೆಯಿಂದ ಎರಡು ಸ್ವರದ ಸಿಳ್ಳೆ ಕೇಳಿತು. ಅಲ್ಲೊಂದು, ಇಲ್ಲೊಂದು. ಅಪ್ಪ ಎದ್ದು ಕೊಟ್ಟಿಗೆಗೆ ಹೋಗಿ, ಗಿಳಿ ಓಡಿಸುವ ಚಿಮಣಿ ಎಣ್ಣೆಯ ಖಾಲಿ ಡಬ್ಬವನ್ನೂ ಕೋಲನ್ನೂ ತೆಗೆದುಕೊಂಡು ಹೊರಟ. ಗದ್ದೆಗೆ ಎಂದುಕೊಂಡೆ. ಅವನು ಗುಡ್ಡ ಹತ್ತಿದ.

ನಾನು ಹಿಂದೆಯೇ ಓಡಿದೆ. ಸುಟ್ಟು ಕರಿಯಾದ ಬೊಡ್ಡೆಗಳ ಬುಡದಲ್ಲಿ ಆ ಹಸಿರು ಹಕ್ಕಿಗಳು ನಿಂತಿದ್ದವು. ಕೆದಕಲು ತರಗೆಲೆಯಿಲ್ಲ, ಅಡಗಲು ಪೊದೆಯಿಲ್ಲ. ಮೇಲೆ ಕಾಗೆಗಳು ಸೇರುತ್ತಿದ್ದವು, ಆಗಲೇ ಒಂದೆರಡನ್ನು ಹರಿದು ಹಾಕಿದ್ದವು. ಅಪ್ಪ ಡಬ್ಬ ಬಡಿಯುತ್ತ ಬೊಡ್ಡೆಯಿಂದ ಬೊಡ್ಡೆಗೆ ಓಡುತ್ತಿದ್ದ. "ಹೋಗಿ! ಮುಂದೆ ಹೋಗಿ! ಇಲ್ಲಿ ಎಂತಾ ಇಲ್ಲ, ಘಟ್ಟದ ಬದಿಗೆ ಹೋಗಿ!" ಹಕ್ಕಿಗಳು ಬೆದರಿ ಮೇಲೆದ್ದು, ಅಂಗಳದಷ್ಟು ದೂರ ಹಾರಿ, ಮುಂದಿನ ಬೊಡ್ಡೆಯ ಬಳಿ ಮತ್ತೆ ಬೀಳುತ್ತಿದ್ದವು. ಅಷ್ಟೇ ಅವುಗಳಲ್ಲಿ ಉಳಿದ ಶಕ್ತಿ. ಕೆಳಗೆ ಗದ್ದೆಯಲ್ಲಿದ್ದವರು ನಿಂತು ನೋಡುತ್ತಿದ್ದರು.

"ಅಪ್ಪಾ, ಬಿಡು. ಅವಕ್ಕೆ ಹಾರೂಕೆ ಆಗೂದಿಲ್ಲ" ಎಂದು ನಾನು ಕೋಲು ಹಿಡಿದುಕೊಂಡೆ. ಅವನು ಕೋಲು ಕಿತ್ತುಕೊಂಡ. ಆಗಲೇ ಒಂದು ಹಕ್ಕಿ, ಡಬ್ಬದ ಸದ್ದಿಗೂ ಹೆದರದೆ, ಬಿಸಿಲಿನಿಂದ ಕುಪ್ಪಳಿಸಿಕೊಂಡು ಬಂದು ಅಪ್ಪನ ನೆರಳಿನೊಳಗೆ ಕೂತಿತು. ಆ ಗುಡ್ಡದ ಮೇಲೆ ಎತ್ತರದ ವಸ್ತು ಎಂದರೆ ಆಗ ಅವನೊಬ್ಬನೇ. ಅಪ್ಪ ಡಬ್ಬ ಇಳಿಸಿದ. ಅಲುಗಾಡದೆ ನಿಂತ. ನಾನು ಕರೆದರೂ ಬರಲಿಲ್ಲ, ನೀರು ತಂದರೂ ಕುಡಿಯಲಿಲ್ಲ. ಹೊತ್ತು ಏರಿದ ಹಾಗೆ ನೆರಳು ಮೋಟಾಗಿ ಅವನ ಕಾಲಬುಡಕ್ಕೆ ಸರಿಯಿತು, ಹಕ್ಕಿಯೂ ಸರಿಯಿತು. ಮಧ್ಯಾಹ್ನದ ಹೊತ್ತಿಗೆ ಅದು ಅವನ ಪಾದಕ್ಕೆ ಒರಗಿಕೊಂಡು ಸತ್ತಿತ್ತು. ಅಪ್ಪ ಗುಡ್ಡ ಇಳಿದು ಬಂದು, ಬಾವಿಕಟ್ಟೆಯಲ್ಲಿ ಕೈಕಾಲು ತೊಳೆದು, ಬೀಗದ ಕೈ ತರಲು ಯಜಮಾನರ ಮನೆಗೆ ಹೋದ.

ಮರುವರ್ಷ ನಾನಿನ್ನೂ ಅಲ್ಲೇ ಇದ್ದೆ. ನವರಾತ್ರಿ ಬಂತು, ಕಳೆಯಿತು. ದೀಪಾವಳಿಯೂ ಕಳೆಯಿತು. ಅಪ್ಪ ಅಷ್ಟೂ ದಿನ ಬೆಳಗ್ಗೆ ಜಗಲಿಯಲ್ಲಿ ಕಿವಿಗೊಟ್ಟು ಕೂತಿದ್ದ. ಗುಡ್ಡದಿಂದ ಯಾವ ಸದ್ದೂ ಬರಲಿಲ್ಲ. ಒಂದು ದಿನ ಎದ್ದು, ಮೈ ಮುರಿದು, ಎಷ್ಟೋ ತಿಂಗಳ ಮೇಲೆ ಸಮಾಧಾನದ ಮುಖದಲ್ಲಿ ಅವ್ವನ ಕಡೆ ತಿರುಗಿ ಹೇಳಿದ:

"ಬರ್ಲಿಲ್ಲ. ಒಳ್ಳೇದಾಯ್ತು."